ಭಾನುವಾರದ ದುಂಡು ಸಭೆ

ಮಾರ್ಚ್ 3, ಮಂಗಳವಾರ

ಗಂಟಲು ಇನ್ನೂ ಉರಿಯುತ್ತಿದೆ. ಇಪ್ಪತ್ತು ವರ್ಷದ ಮೇಲೆ ಇವತ್ತು ಒಂದು ಸಭೆಯಲ್ಲಿ ಕೂಗಾಡಿದೆ. ಕೂಗಾಡಲೇಬೇಕಿತ್ತು.

ಬಡಾವಣೆಯ ಮೂರೂ ಬೋರ್‌ವೆಲ್ ಬತ್ತಿ ಎರಡು ತಿಂಗಳಾಯಿತು. ಸಂಜಯನಗರದ ಈ ತುದಿಯಿಂದ ಹೆಬ್ಬಾಳದವರೆಗೆ ಎಲ್ಲ ಬಡಾವಣೆಗಳಿಗೂ ಗೇಟು ಬಂದಿದೆ, ಗೇಟಿಗೊಬ್ಬ ಕಾವಲುಗಾರ. ಇನ್ನು ಮೇಲೆ ನೀರು ಹಂಚುವುದು 'ಜಲಸಂಯಮ ಸಮಿತಿ'ಯಂತೆ. ಸರ್ಕಾರದ ಹೊಸ ಕೂಸು. ಪಟ್ಟಿಯಲ್ಲಿ ಹೆಸರಿದ್ದ ತಲೆಗೆ ದಿನಕ್ಕೆ ನಲವತ್ತು ಲೀಟರ್. ಹೆಸರಿಲ್ಲದವರಿಗೆ ಒಂದು ಲೋಟ ಕೊಟ್ಟರೂ ಕಳ್ಳತನ. ಮೊದಲ ಸಲ ಸಿಕ್ಕಿಬಿದ್ದರೆ ಮನೆಗೆ ಒಂದು ವಾರ ನೀರಿಲ್ಲ, ಎರಡನೇ ಸಲಕ್ಕೆ ಕೊಟ್ಟವರ ಹೆಸರೇ ಪಟ್ಟಿಯಿಂದ ಹೊರಗೆ. ಪಟ್ಟಿಯಿಂದ ಹೊರಗೆ ಅಂದರೆ ಗೇಟಿನಿಂದಲೂ ಹೊರಗೆ.

ರಾಜಕಾಲುವೆ ಪಕ್ಕದ ಹನ್ನೆರಡು ಶೆಡ್ಡು ಪಟ್ಟಿಯಲ್ಲಿಲ್ಲ. ನಮ್ಮ ಪಾತ್ರೆ ತೊಳೆಯುವವರು, ನಮ್ಮ ರಸ್ತೆ ಗುಡಿಸುವವರು, ಈ ಮನೆಗಳಿಗೆ ಇಟ್ಟಿಗೆ ಹೊತ್ತವರು ಇರುವ ಶೆಡ್ಡುಗಳು. ಸಂಗವ್ವ ಏಳನೆಯದರಲ್ಲಿದ್ದಾಳೆ. ಹನ್ನೊಂದು ವರ್ಷದಿಂದ ನಮ್ಮ ಮನೆ ಕೆಲಸಕ್ಕೆ ಬರುತ್ತಾಳೆ, ಹನ್ನೊಂದು ವರ್ಷದಿಂದ ನಮ್ಮ ಅಂಗಳದ ನಲ್ಲಿಯಲ್ಲಿ ಎರಡು ಕೊಡ ತುಂಬಿಕೊಂಡು ಹೋಗುತ್ತಾಳೆ. ಇನ್ನು ಮೇಲೆ ಅವಳು ಕಳ್ಳಿ, ನಾನೂ ಕಳ್ಳಿ.

"ನಿಮ್ಮ ಎಂಜಲು ತೊಳೆಯೋಕೆ ಅವರು ಬೇಕು, ಅವರ ಬಾಯಿಗೆ ನೀರು ಬೇಡ. ನಾಚಿಕೆ ಆಗಲ್ವೇನ್ರೀ?" ಅಂದೆ. ಎಲ್ಲರೂ ಮೊಬೈಲು ನೋಡಿಕೊಂಡರು.

ಸಭೆ ಮುಗಿದ ಮೇಲೆ ಸಮಿತಿ ಕಳಿಸಿರುವ ಸಂಚಾಲಕಿ ನನ್ನ ಹತ್ತಿರ ಬಂದಳು. ಹರಿಪ್ರಿಯಾ ಅಂತ ಹೆಸರು. ಮೂವತ್ತೈದು ದಾಟಿರಲಾರದು. "ಹೊರಗೆ ನಿಂತು ಬೈದ್ರೆ ನನಗೇನು ಪ್ರಯೋಜನ ಮೇಡಂ? ಒಳಗೆ ಬಂದು ಬೈಯಿರಿ," ಅಂದಳು.

ಒಪ್ಪಿಕೊಂಡು ಬಂದಿದ್ದೇನೆ. ಗಂಡನಾದರೂ ಇನ್ನೂ ಹಳೆಯ ಸಂಗಾತಿಯಂತಿರುವ ನಂದ ನಕ್ಕ. "ಹುಷಾರು ಕಣೇ ಕಲಾ. ಒಳಗೆ ಕರೆಯೋರು ಹಿಂದಿನಿಂದ ಬಾಗಿಲು ಹಾಕ್ಕೋತಾರೆ."

ಹಾಕಿಕೊಳ್ಳಲಿ. ಬಾಗಿಲು ಮುರಿದು ಗೊತ್ತಿದೆ ನನಗೆ. ಹನ್ನೆರಡು ಶೆಡ್ಡಿನ ಹೆಸರೂ ಪಟ್ಟಿಗೆ ಸೇರಬೇಕು. ಹನ್ನೆರಡೂ. ಅಲ್ಲಿಯವರೆಗೆ ನಾನು ಏಳುವುದಿಲ್ಲ.

ಮಾರ್ಚ್ 6, ಶುಕ್ರವಾರ

ಹರಿಪ್ರಿಯಾ ಮನೆಗೆ ಬಂದಿದ್ದಳು. ಕುರ್ಚಿ ಕೊಟ್ಟರೂ ಚಾಪೆಯ ಮೇಲೆ ಕೂತಳು. ಜಗಳಕ್ಕೆ ಸಿದ್ಧಳಾಗಿದ್ದೆ, ಅವಳು ಜಗಳಕ್ಕೆ ಸಿಗಲಿಲ್ಲ. ಗೋಡೆಯ ಮೇಲಿನ ಫೋಟೋ ನೋಡಿದಳು. ದಾಸರಹಳ್ಳಿಯ ಕಾರ್ಖಾನೆ ಗೇಟಿನ ಮುಂದೆ ತಮಟೆ ಹಿಡಿದು ನಾನು ನಿಂತಿರುವುದು.

"ಅಷ್ಟೊಂದು ಜನರನ್ನ ಲಾಠಿ ಇಲ್ದೆ, ಸಂಬಳ ಇಲ್ದೆ ಹೇಗೆ ಹಿಡಿದಿಟ್ಟಿದ್ರಿ ಅಕ್ಕಾ?"

ಯಾರೂ ಕೇಳದೆ ಎಷ್ಟು ವರ್ಷವಾಗಿತ್ತು! ಹೈಸ್ಕೂಲಿನಲ್ಲಿ ಪಾಠ ಮಾಡಿ ನಿವೃತ್ತಳಾಗುವವರೆಗೆ ಒಬ್ಬರೂ ಕೇಳಿರಲಿಲ್ಲ. ನಮ್ಮ ಚಳವಳಿಯ ಶಿಬಿರಗಳ ದುಂಡು ಸಭೆಯ ಕಥೆ ಹೇಳಿದೆ. ಕೊನೆಯ ದಿನ ವೇದಿಕೆ ಇಲ್ಲ, ಕುರ್ಚಿ ಇಲ್ಲ. ಎಲ್ಲರೂ ನೆಲದ ಮೇಲೆ ದುಂಡಗೆ ಕೂತು ತಮ್ಮ ತಮ್ಮ ತಪ್ಪು ತಾವೇ ಹೇಳಿಕೊಳ್ಳಬೇಕು. ಮುಖಂಡನೂ ಹೇಳಬೇಕು, ಅಡುಗೆಯವನೂ ಹೇಳಬೇಕು. ಸುಮ್ಮನೆ 'ತಪ್ಪಾಯಿತು' ಅಂದರೆ ಬಿಡುತ್ತಿರಲಿಲ್ಲ. ಯಾರಿಗೆ, ಯಾವಾಗ, ಎಷ್ಟು? 'ಹೆಸರಿಲ್ಲದ ತಪ್ಪು ತಪ್ಪೇ ಅಲ್ಲ' ಅನ್ನುವುದು ನಮ್ಮ ಮಾತು. ನಾಯಕರ ಕೊಬ್ಬು ಇಳಿಸಲು ಕಂಡುಕೊಂಡ ಉಪಾಯ ಅದು.

ಅವಳು ಒಂದು ಪುಟ್ಟ ಪುಸ್ತಕದಲ್ಲಿ ಬರೆದುಕೊಂಡಳು. ಬರೆದುಕೊಳ್ಳುವವರನ್ನು ಕಂಡರೆ ನನಗೆ ಗೌರವ.

ಅವಳು ಹೋದ ಮೇಲೆ ನಂದ ಅಂದ: "ದುಂಡು ಸಭೆ ಅಂದ್ರೆ ನನಗೆ ಮುನಿರಾಜು ನೆನಪಾಗ್ತಾನೆ. ಒಂದು ಬೀಡಿ ಸೇದಿದ್ದಕ್ಕೆ ಮೂರು ಗಂಟೆ ಅಳಿಸಿದ್ರಲ್ಲ. ಆಮೇಲೆ ಅವನು ಸಂಘಟನೆ ಕಡೆ ತಲೆ ಹಾಕಲಿಲ್ಲ."

ನಂದನಿಗೆ ಯಾವುದರಲ್ಲೂ ಹುಳುಕೇ ಕಾಣುವುದು.

ಮಾರ್ಚ್ 15, ಭಾನುವಾರ

ಮೊದಲ ದುಂಡು ಸಭೆ. ಪಾರ್ಕಿನಲ್ಲಿ, ದೊಡ್ಡ ಟ್ಯಾಂಕಿನ ಕೆಳಗೆ. ಸೈಟಿನ ಅಳತೆ ನೋಡಿ ನಮಸ್ಕಾರ ಮಾಡುವ ಜನ ನೆಲದ ಮೇಲೆ ಕಾಲು ಮಡಚಿ ಕೂತದ್ದನ್ನು ನೋಡಬೇಕಿತ್ತು! ಹರಿಪ್ರಿಯಾ ನಿಯಮ ಓದಿದಳು. ತಾನೇ ಹೇಳಿಕೊಂಡರೆ ಶಿಕ್ಷೆ ಇಲ್ಲ. ಮೊದಲು ಅವಳೇ ಎದ್ದಳು.

"ಬುಧವಾರ ಅಮ್ಮನ ತಿಥಿ ಇತ್ತು. ತಲೆಗೆ ನಾಲ್ಕು ಚೊಂಬು ಹೆಚ್ಚು ಹಾಕ್ಕೊಂಡೆ. ಅಷ್ಟು ನೀರಲ್ಲಿ ಒಂದು ಮಗು ಒಂದು ದಿನ ಬದುಕಬಹುದಿತ್ತು."

ನನ್ನ ಕಣ್ಣು ತುಂಬಿತು. ಆಮೇಲೆ ಕೊನೆ ಮನೆಯ ಎಂಜಿನಿಯರು ಎದ್ದು, ಗುಲಾಬಿ ಗಿಡಕ್ಕೆ ಎರಡು ಬಕೆಟ್ ಹಾಕಿದೆ ಅಂದರು. ಅವರ ಹೆಂಡತಿ ಕೂತಲ್ಲಿಂದಲೇ, "ಗುಲಾಬಿಗಲ್ಲ ಕಣ್ರೀ, ಕಾರಿಗೆ! ಸರಿಯಾಗಿ ಹೇಳ್ರೀ!" ಅಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಹಳೆಯ ಶಿಬಿರದ ವಾಸನೆ ಬಂತು. ನನ್ನನ್ನು ನಡವಳಿ ಬರೆಯುವವಳನ್ನಾಗಿ ಮಾಡಿದ್ದಾರೆ.

ಮಾರ್ಚ್ 19, ಗುರುವಾರ. ಯುಗಾದಿ

ಎಣ್ಣೆಸ್ನಾನ ಇಲ್ಲದ ಯುಗಾದಿ. ಹಚ್ಚಿದ ಎಣ್ಣೆ ತೊಳೆಯಲು ನೀರೆಲ್ಲಿದೆ? ನಂದ ಅಂಗೈಯಲ್ಲಿ ಎಣ್ಣೆ ಹಿಡಿದುಕೊಂಡು ನಿಂತೇ ಇದ್ದ, ಆಮೇಲೆ ಬಾಗಿಲ ತಿರುಗಣೆಗೆ ಒರೆಸಿದ. "ಕೀರಲು ಸದ್ದಾದ್ರೂ ನಿಲ್ಲಲಿ," ಅಂದ.

ಸಂಗವ್ವ ಬಂದಳು. ಅಂಗಳದ ನಲ್ಲಿಯಲ್ಲಿ ಎರಡು ಕೊಡ ತುಂಬಿಸಿಕೊಟ್ಟೆ, ಮೇಲೆ ಹೋಳಿಗೆ ಮುಚ್ಚಿಟ್ಟೆ. "ನಮ್ಮ ಹೆಸರು ಯಾವಾಗ ಬರ್ತದ ಅಕ್ಕಾರ?" ಅಂತ ಕೇಳಿದಳು. "ಏಪ್ರಿಲ್ ಪಟ್ಟಿಗೆ ಖಂಡಿತ," ಅಂದೆ.

ಹರಿಪ್ರಿಯಾಗೂ ಇದನ್ನೇ ಹೇಳಿದೆ. "ಹಾಕೋಣ ಅಕ್ಕಾ. ಆದ್ರೆ ಮೊದಲು ನಮ್ಮವರು ಶಿಸ್ತಿಗೆ ಬರ್ಲಿ. ಶಿಸ್ತು ಬಂದ್ರೆ ನೀರು ಉಳಿಯುತ್ತೆ, ಉಳಿದ್ರೆ ಕೊಡಬಹುದು," ಅಂದಳು. ಇದರಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ.

ಮಾರ್ಚ್ 29, ಭಾನುವಾರ

ಮೂರನೇ ಸಭೆ. ಬರಿಯ ಆತ್ಮವಿಮರ್ಶೆಯಿಂದ ಸಾಲುತ್ತಿಲ್ಲ, ಜನ ಸಣ್ಣ ತಪ್ಪು ಹೇಳಿ ದೊಡ್ಡದನ್ನು ಮುಚ್ಚುತ್ತಾರೆ. ಶಿಬಿರದಲ್ಲಿ ಸಂಗಾತಿಗಳ ತಪ್ಪನ್ನೂ ಹೇಳುತ್ತಿದ್ದೆವಲ್ಲ ಎಂದು ನಾನೇ ನೆನಪಿಸಿದೆ. ಅದಕ್ಕೆ 'ಸ್ನೇಹವಿಮರ್ಶೆ' ಅಂತ ಹೆಸರಿಟ್ಟಳು ಹರಿಪ್ರಿಯಾ. ಚೆಂದದ ಹೆಸರು.

ಮೊದಲ ದಿನವೇ ವಾಲ್ವ್ ತಿರುಗಿಸುವ ಮುನಿಆಂಜಿನಪ್ಪನ ಹೆಸರು ಬಂತು. ಇಪ್ಪತ್ತಾರು ವರ್ಷದಿಂದ ಬೀದಿ ಬೀದಿಗೆ ನೀರು ಬಿಡುವವನು. ಎದ್ದು ನಿಂತ, ಹೆಗಲ ಮೇಲಿನ ಕಬ್ಬಿಣದ ಕೀ ಇಳಿಸಲೂ ಇಲ್ಲ.

"ಔದು ಸ್ವಾಮಿ. ಮೂರು ಸುತ್ತು ತಿರುಗ್ಸಿದ್ರೆ ಮೇಲಿನ್ ರೋಡ್ಗೆ. ಮೇಲ್ ಅರ್ಧ ಸುತ್ತು ಕೊಟ್ರೆ ಕಾಲ್ವೆ ಪಕ್ಕದೋರ್ಗೆ ಸೊಲ್ಪ ಓಯ್ತದೆ. ಆ ಪೈಪು ನಮ್ಮಪ್ಪನ್ ಕಾಲ್ದಿಂದ್ಲೂ ಅಂಗೇ ಐತೆ. ನೀರ್ಗೆ ಪಟ್ಟಿ ಓದಕ್ ಬರಲ್ಲ, ನಾನೇನ್ ಮಾಡ್ಲಿ?"

ನಗು ಬಂತು. ನಗಲಿಲ್ಲ, ಬರೆಯುತ್ತಿದ್ದೆ. ಅರ್ಧ ಸುತ್ತು ಅಂದರೆ ವಾರಕ್ಕೆ ಎಷ್ಟು ಲೀಟರ್ ಅಂತ ಯಾರೋ ಲೆಕ್ಕ ಹಾಕಿ ಹೇಳಿದರು. ಕೀ ಕಸಿದುಕೊಂಡರು. ಒಳ್ಳೆಯ ಮನುಷ್ಯ. ಆದರೆ ಒಳ್ಳೆಯತನವೂ ಕ್ರಮವಾಗಿ ಇರಬೇಕಲ್ಲ. ಶೆಡ್ಡಿನವರಿಗೆ ಕೊಡುವುದನ್ನು ರಾಜಾರೋಷವಾಗಿ, ಪಟ್ಟಿಯಲ್ಲಿ ಬರೆದು ಕೊಡೋಣ ಅಂತ ತಾನೇ ನಾನು ಹೊಡೆದಾಡುತ್ತಿರುವುದು? ಕದ್ದು ಕೊಟ್ಟರೆ ಅದು ಭಿಕ್ಷೆ.

ನಂದ ಸಭೆಗೆ ಬರಲಿಲ್ಲ. ಸೊಂಟ ನೋವು ಅಂತೆ.

ಏಪ್ರಿಲ್ 2, ಗುರುವಾರ

ಪಟ್ಟಿ ಬಂತು. ಒಂದು ಶೆಡ್ಡೂ ಇಲ್ಲ. ಆಫೀಸಿಗೆ ನುಗ್ಗಿ ಮೇಜು ಗುದ್ದಿದೆ. ಹರಿಪ್ರಿಯಾ ಪೆನ್ನು ತೆಗೆದು ನನ್ನ ಕೈಗೆ ಕೊಟ್ಟಳು.

"ನೀವೇ ಬರೀರಿ ಅಕ್ಕಾ. ಇರೋ ನೀರು ಇಷ್ಟೇ. ಹನ್ನೆರಡು ಮನೆ ಸೇರಿಸಿದ್ರೆ ಯಾರದ್ದು ಕಡಿಮೆ ಮಾಡ್ಲಿ? ಡಯಾಲಿಸಿಸ್ ಆಗ್ತಿರೋ ಅಜ್ಜಿದಾ? ಮೊನ್ನೆ ಹೆತ್ತ ಹುಡುಗಿದಾ? ನೀವು ಹೇಳಿದಂಗೆ ಮಾಡ್ತೀನಿ."

ಎಂಥ ಪ್ರಾಮಾಣಿಕಳು. ಯಾವ ಅಧಿಕಾರಿ ಹೀಗೆ ಪೆನ್ನು ಕೊಟ್ಟಾನು? ಅರ್ಧ ಗಂಟೆ ಕೂತೆ. ನಾಲ್ಕು ಶೆಡ್ಡು ಬರೆದೆ. ಮಕ್ಕಳಿರುವ ಮೂರು, ಮತ್ತೆ ಸಂಗವ್ವನದು.

ಹನ್ನೆರಡರಲ್ಲಿ ನಾಲ್ಕು. ಚಳವಳಿಯಲ್ಲಿ ಇದಕ್ಕಿಂತ ಕಡಿಮೆಗೂ ವಿಜಯೋತ್ಸವ ಮಾಡಿದ್ದೇವೆ.

ಏಪ್ರಿಲ್ 12, ಭಾನುವಾರ

ಬರೆಯಲೇಬೇಕು. ಇವತ್ತು ನಾನು ಹೇಳಿಕೊಂಡೆ.

ನಡವಳಿ ಬರೆಯುವ ನೆಪದಲ್ಲಿ ಇಷ್ಟು ವಾರ ತಪ್ಪಿಸಿಕೊಂಡಿದ್ದೆ. ಇವತ್ತು ಹರಿಪ್ರಿಯಾ ಸುಮ್ಮನೆ ನನ್ನ ಕಡೆ ನೋಡಿದಳು. ಪುಸ್ತಕ ಮಡಚಿ ಎದ್ದೆ. ಹನ್ನೊಂದು ವರ್ಷ ಪ್ರತಿದಿನ ಎರಡು ಕೊಡ ನೀರು ಹೊರಗಿನವರಿಗೆ ಕೊಟ್ಟೆ. ನಿಯಮ ಬಂದ ಮೇಲೂ ಕೊಟ್ಟೆ. ಏಪ್ರಿಲ್‌ನಲ್ಲಿ ಅವರಿಗೆ ಪಟ್ಟಿಯ ಪಾಲು ಸಿಕ್ಕ ಮೇಲೂ, ಕೇಳಿದರು ಅಂತ ಕೊಟ್ಟೆ. ದಯೆ ಅಂದುಕೊಂಡಿದ್ದೆ, ಅದು ನನ್ನ ಅಹಂಕಾರ. ನನ್ನ ಕೈಯಿಂದಲೇ ಹೋಗಬೇಕು ಅನ್ನುವ ಯಜಮಾನಿಕೆ.

"ಯಾರಿಗೆ ಅಕ್ಕಾ?" ಅಂದಳು ಹರಿಪ್ರಿಯಾ, ಮೆಲ್ಲಗೆ. "ಹೆಸರಿಲ್ಲದ ತಪ್ಪು ತಪ್ಪೇ ಅಲ್ಲ ಅಂತ ನೀವೇ ತಾನೇ ಕಲಿಸಿದ್ದು?"

"ಸಂಗವ್ವ. ಶೆಡ್ಡು ಏಳು," ಅಂದೆ.

ಚಪ್ಪಾಳೆ. ಹರಿಪ್ರಿಯಾ ಬಂದು ತಬ್ಬಿಕೊಂಡಳು. ಜೀವನದಲ್ಲಿ ಇಷ್ಟು ಹಗುರವಾಗಿದ್ದು ನೆನಪಿಲ್ಲ. ಮನೆಗೆ ಬಂದು ನಂದನಿಗೆ ಹೇಳಿದೆ. ಅವನು ಸೊಪ್ಪು ಸೋಸುತ್ತಿದ್ದ, ತಲೆ ಎತ್ತಲಿಲ್ಲ.

"ನಿನಗೆ ಶಿಕ್ಷೆ ಇಲ್ಲ. ಸರಿ. ಅವಳಿಗೆ?"

ಅದನ್ನು ಕೇಳಲು ಮರೆತಿದ್ದೆ.

ಏಪ್ರಿಲ್ 13, ಸೋಮವಾರ

ಅಂಗಳದ ನಲ್ಲಿಗೆ ಬೀಗ ಹಾಕಿಸಿದೆ. ಸಂಗವ್ವ ಕೊಡ ಕೆಳಗಿಟ್ಟು ನಿಂತಳು.

"ನಳಕ್ಕ ಕೀಲಿ ಯಾಕ ಹಾಕೀರಿ ಅಕ್ಕಾರ?"

"ನಿಮ್ಮ ಪಾಲು ಬರ್ತಿದೆಯಲ್ಲ ಸಂಗವ್ವ, ಪಟ್ಟಿಯಲ್ಲಿ."

"ಬರ್ತದ್ರೀ. ಆದ್ರ ನಾಕು ಮನಿ ನೀರು ಹನ್ನೆರಡು ಮನಿಯಾವ್ರು ಕುಡಿತೀವಿ. ಸಾಲಂಗಿಲ್ಲ."

"ಹಂಚಬಾರದು ಅಂತ ಕಾರ್ಡಿನ ಹಿಂದೆ ಬರೆದಿದೆ."

"ನಮಗ ಓದಾಕ ಬರಂಗಿಲ್ರೀ," ಅಂದಳು. ಮತ್ತೆ, "ಬಂದ್ರೂ ಹಂಚತಿದ್ವಿ ಬಿಡ್ರಿ," ಅಂತ ನಕ್ಕಳು.

ಕಷ್ಟಪಟ್ಟು ನಾಲ್ಕು ಮನೆ ಸೇರಿಸಿದ್ದೇನೆ. ಇವರು ಹೀಗೆ ಹಂಚಿ ತಿಂದರೆ ನಾಳೆ ನಾನು ಯಾವ ಮುಖ ಇಟ್ಟುಕೊಂಡು ಇನ್ನೆಂಟಕ್ಕೆ ಕೇಳಲಿ? ಈ ಜನರ ಕಷ್ಟಕ್ಕೆ ಅರ್ಧ ಕಾರಣ ಇದೇ. ಶಿಸ್ತಿಲ್ಲದ ಒಗ್ಗಟ್ಟು.

ಹರಿಪ್ರಿಯಾಗೆ ತಿಳಿಸಿದ್ದೇನೆ. ತಿಳಿಸಬೇಕಾದದ್ದು.

ಏಪ್ರಿಲ್ 19, ಭಾನುವಾರ

ಶೆಡ್ಡು ಏಳನ್ನು ಸಭೆಗೆ ಕರೆಸಿದ್ದರು. ಅವಳು ದುಂಡಿನ ನಡುವೆ ಬಂದು, ಚಪ್ಪಲಿ ಬಿಟ್ಟು, ಸೆರಗು ಹೊದ್ದು ನಿಂತಳು. ತಪ್ಪು ಒಪ್ಪಿಕೊಂಡರೆ ಶಿಕ್ಷೆ ಇಲ್ಲ ಅಂತ ನಾನೇ ಮೂರು ಸಲ ಹೇಳಿದೆ. ಅವಳಿಗಾಗಿ ಹೇಳಿದೆ. 'ಕದ್ದೆ, ತಪ್ಪಾಯಿತು.' ಎರಡೇ ಪದ.

ಅವಳು ಟ್ಯಾಂಕಿನ ಕಡೆ ನೋಡಿದಳು. ಆಮೇಲೆ ನನ್ನ ಕಡೆ.

"ಕದ್ದೀವಿ ಅಂತ ನನ್ನ ಬಾಯಾಗ ಬರಂಗಿಲ್ರೀ ಅಕ್ಕಾರ. ಕುಡದೀವಿ. ನೀರಡಿಕಿ ಆಗಿತ್ತು, ಕುಡದೀವಿ."

"ಅದನ್ನೇ ಕಳ್ಳತನ ಅನ್ನೋದು," ಅಂದರು ಎಂಜಿನಿಯರು.

"ನಿಮ್ಮ ಮನಿ ಸ್ಲ್ಯಾಬ್ ಹಾಕುಮುಂದ ಇಪ್ಪತ್ತೊಂದು ದಿನ ನಾನಾ ನೀರು ಹೊಡದೀನ್ರೀ ಸಾಹೇಬ್ರ. ಅವಾಗ ಎಷ್ಟು ಲೀಟರ್ ಅಂತ ಕೇಳಿದ್ರೇನು?"

ಯಾರೋ ನಕ್ಕರು, ತಕ್ಷಣ ಕೆಮ್ಮಿದರು. ನನಗೆ ಸಿಟ್ಟು ನೆತ್ತಿಗೇರಿತು. ಅಷ್ಟು ಜನರ ಮುಂದೆ ನಾನು ಅವಳ ಪರ ನಿಂತಿದ್ದೆ, ಅವಳಿಗೆ ಹಠವೇ ದೊಡ್ಡದಾಯಿತು.

ನಿರ್ಣಯದ ಕರಡು ಬರೆಯಲು ಹರಿಪ್ರಿಯಾ ನನ್ನನ್ನೇ ಕೇಳಿದಳು. ನನ್ನಷ್ಟು ಚೆನ್ನಾಗಿ ಕನ್ನಡ ಬರೆಯುವವರು ಇಲ್ಲಿ ಯಾರಿದ್ದಾರೆ? 'ಸಮಾನತೆಯ ತತ್ವಕ್ಕೆ ಧಕ್ಕೆ ತಂದಿರುವುದರಿಂದ' ಅಂತ ಶುರು ಮಾಡಿದೆ. ಒಂದೇ ಉಸಿರಿಗೆ ಮುಗಿಯಿತು. ಕರಪತ್ರ ಬರೆಯುತ್ತಿದ್ದ ದಿನಗಳಂತೆ.

ಏಪ್ರಿಲ್ 24, ಶುಕ್ರವಾರ

ರಾಜಕಾಲುವೆ ಬದಿಯ ಸ್ಥಳಾಂತರ ಕಾರ್ಯ ಬೆಳಿಗ್ಗೆ ಹತ್ತರೊಳಗೆ ಶಾಂತಿಯುತವಾಗಿ ಮುಗಿಯಿತು. ಹನ್ನೆರಡೂ.

ನಾಳೆಯಿಂದ ತಲೆಗೆ ನಲವತ್ತೆರಡು ಲೀಟರ್.

ಮೇ 1, ಶುಕ್ರವಾರ

ಕಾರ್ಮಿಕ ದಿನ. ಸಮಿತಿಯ ಕಾರ್ಯಕ್ರಮದಲ್ಲಿ ನಾನು ಮುಖ್ಯ ಭಾಷಣಕಾರಳು. ಶ್ರಮ ಮತ್ತು ಸಂಯಮದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದೆ. ತಮಟೆಯನ್ನೂ ಬಡಿದೆ. ಹರಿಪ್ರಿಯಾ ಮೊದಲ ಸಾಲಿನಲ್ಲಿ ಕೂತು ವಿಡಿಯೋ ಮಾಡಿಕೊಂಡಳು. ಬ್ಯಾಟರಾಯನಪುರದ ಸಮಿತಿಗೂ ಕಳಿಸುತ್ತಾಳಂತೆ, ಅಲ್ಲೂ ದುಂಡು ಸಭೆ ಶುರುವಾಗುತ್ತದಂತೆ.

ವಾಪಸು ಬರುವಾಗ ಗೇಟಿನಾಚೆಯ ಟೀ ಅಂಗಡಿಯಲ್ಲಿ ಮುನಿಆಂಜಿನಪ್ಪ ಸಿಕ್ಕಿದ. ಕೈ ಮುಗಿದ.

"ಏನೇ ಅನ್ನಿ ಅಕ್ಕಾ, ನಿಮ್ಮನೆ ದೊಡ್ ಮನೆ. ನಾನೇ ತಪ್ ತಿಳ್ಕೊಂಡಿದ್ದೆ ನಿಮ್ಮನ್ನ."

"ಯಾಕೆ?"

"ಯಜಮಾನ್ರು ದಿನಾ ಬೆಳಿಗ್ಗೆ ಸ್ಕೂಟ್ರಲ್ಲಿ ಎರಡ್ ಕ್ಯಾನ್ ನೀರು ಒಯ್ತಾರಲ್ಲ, ಎಬ್ಬಾಳದ್ ಫ್ಲೈಓವರ್ ಕೆಳೀಕ್ಕೆ. ಸಂಗವ್ವನೋರು ಅಲ್ಲೇ ಟಾರ್ಪಾಲ್ ಕಟ್ಕೊಂಡವ್ರೆ. ನೀವೇ ಕಳಿಸ್ತಿದೀರ ಅಂದ್ಕೊಂಡೆ."

ಮನೆಗೆ ಬಂದು ನಂದಕುಮಾರ್ ಅವರನ್ನು ಕೇಳಿದೆ.

"ನನ್ನ ಪಾಲಿನ ನೀರು. ನಾನು ಸ್ನಾನ ಬಿಟ್ಟು ಎಂಟು ದಿನ ಆಯ್ತು. ನಿನ್ನ ಮೂಗಿಗೆ ಗೊತ್ತಾಗಲಿಲ್ವಾ?"

"ಭಾನುವಾರ ನೀವೇ ಹೇಳಿಕೊಳ್ಳಿ. ಶಿಕ್ಷೆ ಇರಲ್ಲ."

ನನ್ನ ಮುಖವನ್ನೇ ನೋಡುತ್ತಿದ್ದರು. "ನೀವು ಅಂದೆ. ಮೂವತ್ತು ವರ್ಷದಲ್ಲಿ ಮೊದಲ ಸಲ ನನಗೆ 'ನೀವು' ಅಂದೆ ಕಣೇ ಕಲಾ."

ಗಮನಿಸಿರಲಿಲ್ಲ.

ಮೇ 3, ಭಾನುವಾರ

ಅವರು ಸಭೆಗೆ ಬಂದರು. ಸರದಿ ಬಂದಾಗ ಏನೂ ಹೇಳಲಿಲ್ಲ. ಮುಂದಿನ ಸರದಿ ನನ್ನದು. ಹರಿಪ್ರಿಯಾ ನನ್ನ ಕಡೆ ನೋಡಲೂ ಇಲ್ಲ. ನೋಡುವ ಅಗತ್ಯ ಇರಲಿಲ್ಲ.

ಹೇಳಿದೆ. ಯಾರು, ಯಾರಿಗೆ, ಯಾವಾಗ, ಎಷ್ಟು. ನಮ್ಮ ಮನೆಯಿಂದ ಇದು ಎರಡನೆಯ ತಪ್ಪು, ಆದ್ದರಿಂದ ಯಾವ ನಿಯಮ ಅನ್ವಯಿಸುತ್ತದೆ ಅನ್ನುವುದನ್ನೂ ನಾನೇ ಹೇಳಿದೆ. ಬೇರೆಯವರ ಬಾಯಲ್ಲಿ ಬರುವುದಕ್ಕಿಂತ ಅದು ಒಳ್ಳೆಯದು.

ಅವರು ಎದ್ದು ಪ್ಯಾಂಟಿಗೆ ಅಂಟಿದ ಹುಲ್ಲು ಕೊಡವಿಕೊಂಡರು. "ಹೇಳಿದ್ದೆಲ್ಲ ನಿಜ. ಒಂದು ತಿದ್ದುಪಡಿ. ಎರಡು ಕ್ಯಾನ್ ಅಲ್ಲ, ಮೂರು," ಅಂದರು. ಆಮೇಲೆ ನನಗೊಬ್ಬಳಿಗೇ ಕೇಳುವಂತೆ, "ಬರೋ ಹಾಗಿದ್ರೆ ಬಾ. ಅಲ್ಲಿ ಯಾರೂ ದುಂಡಗೆ ಕೂರಿಸಲ್ಲ."

ನಡವಳಿ ಬರೆಯುತ್ತಿದ್ದೆ. ತಲೆ ಎತ್ತುವಷ್ಟರಲ್ಲಿ ಗೇಟು ದಾಟಿದ್ದರು.

ಪಟ್ಟಿ ತಿದ್ದಿದ್ದೇನೆ. ಮನೆ ನಲವತ್ತೊಂದು: ತಲೆ ಒಂದು.

ಮೇ 6, ಬುಧವಾರ

ಬೆಳಿಗ್ಗೆ ಎರಡು ಲೋಟ ಕಾಫಿ ಬೆರೆಸಿಬಿಟ್ಟಿದ್ದೆ. ಒಂದು ಕುಡಿದೆ. ಇನ್ನೊಂದು ಮೇಜಿನ ಮೇಲೆ ಆರಿ ಕೆನೆ ಕಟ್ಟಿತು, ಚೆಲ್ಲಬೇಕಾಯಿತು. ಕಾಲು ಲೀಟರಿನಷ್ಟು ವ್ಯರ್ಥ.

ಭಾನುವಾರ ಹೇಳಿಕೊಳ್ಳಬೇಕು.